ನಾಯಿಯೂ ಇಲ್ಲದ ದ್ವೀಪ

ಸಲ್ವಾ, ಕುವೈತ್
೧೯ ಏಪ್ರಿಲ್ ೧೯೯೬, ಶುಕ್ರವಾರ

ಪ್ರೀತಿಯ ಲ್ಯಾನ್ಸಿ,

ದೇವರ ದಯೆಯಿಂದ ನೀವು ಕ್ಷೇಮವಾಗಿದ್ದೀರಿ ಎಂದು ನಾನೇ ಅಂದುಕೊಳ್ಳುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಮೊಣಕಾಲು ನೋವು ಹೇಗಿದೆ? ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ತಿರುಗಬೇಡಿ ಎಂದು ಹೇಳಿದ್ದೆ. ತಿರುಗುತ್ತಿದ್ದೀರಿ ಎಂದು ನಿಮ್ಮ ಮಗಳು ಶರ್ಲಿನ್ ಬೋರ್ಡಿಂಗ್‌ನಿಂದ ಬರೆದಿದ್ದಾಳೆ. ಕ್ರಿಸ್ಮಸ್ ರಜೆಗೆ ನಿಮ್ಮಲ್ಲಿಗೆ ಬಂದು ಹೋದ ಮೇಲೆ ಅವಳೂ ಚಪ್ಪಲಿ ಹಾಕುವುದಿಲ್ಲವಂತೆ, ಸಿಸ್ಟರ್ ದೂರು ಕೊಟ್ಟಿದ್ದಾರೆ. ನಾನು ಚೆನ್ನಾಗಿದ್ದೇನೆ. ಇಲ್ಲಿ ಎರಡು ದಿನದಿಂದ ದೂಳಿನ ಗಾಳಿ. ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕಿದರೂ ಅನ್ನದಲ್ಲಿ ಮರಳು ಕರಕರ ಎನ್ನುತ್ತದೆ. ನನ್ನ ರೂಮಿನ ರೆಜಿನಾ, ಅದೇ ದಿನಾ ಜಹ್ರಾದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರುವ ನರ್ಸ್, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮಲಗಿದ್ದಾಳೆ, ಕಳ್ಳನ ಹಾಗೆ. ಮನೆಯಲ್ಲಿ ನಾವು ಕೊಂಕಣಿ ಆಡುವವರಾದರೂ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊಂಕಣಿಯಲ್ಲಿ ನಿಮ್ಮನ್ನು ಬೈಯಲು ಕೂತರೆ ಎರಡನೇ ಸಾಲಿಗೇ ನಗು ಬರುತ್ತದೆ. ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಸಿಟ್ಟು ನೆಟ್ಟಗೆ ನಿಲ್ಲುತ್ತದೆ.

ಫೆಬ್ರವರಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ನನ್ನ ಕ್ಲಿನಿಕ್ಕಿನ ಮಾಲೀಕ, ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಅಬು ಮಿಶಾಲ್, ತನ್ನ ಕಟ್ಟಡಗಳ ಎ.ಸಿ. ನೋಡಿಕೊಳ್ಳಲು ನಿಮಗೆ ವೀಸಾ ಕೊಡಲು ಒಪ್ಪಿದ್ದಾನೆ, ಬರುತ್ತೀರಾ? ಎರಡು ವರ್ಷ ಅವನ ಹಿಂದೆ ಸುತ್ತಿ ಒಪ್ಪಿಸಿದ್ದೆ. ಹೌದೋ ಅಲ್ಲವೋ ಎನ್ನಲು ಒಂದು ಕಾರ್ಡು ಸಾಕಿತ್ತು. ನೀವು ನಾಲ್ಕು ಹಾಳೆ ತುಂಬ ಲಕ್ಷದ್ವೀಪದ ಭೂಗೋಳ ಬರೆದು ಕಳಿಸಿದಿರಿ. ಮೂವತ್ತಾರು ದ್ವೀಪಗಳು, ಜನ ಇರುವುದು ಹತ್ತರಲ್ಲಿ ಮಾತ್ರ, ಎಲ್ಲ ಕೂಡಿಸಿದರೆ ಮೂವತ್ತೆರಡು ಚದರ ಕಿಲೋಮೀಟರ್. ಬೆಟ್ಟವಿಲ್ಲ, ಹೊಳೆಯಿಲ್ಲ, ತೋಡಿಲ್ಲ. ನೀವಿರುವ ಕವರತ್ತಿಯಲ್ಲಿ ಈ ಬದಿಯ ಸಮುದ್ರಕ್ಕೆ ಬೇಜಾರಾಗಿ ಎದ್ದು ನಡೆದರೆ ಬೆವರು ಬರುವ ಮೊದಲೇ ಆ ಬದಿಯ ಸಮುದ್ರ. ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ಕೈ ಕೊಡವಿದಾಗ ಬಿದ್ದ ಪುಡಿ ಇರಬೇಕು ಅದು. ಅದನ್ನು ನೀವು ಐದನೇ ಕ್ಲಾಸಿನ ಮಾಸ್ತರರ ಹಾಗೆ ತಲೆಬರಹ ಹಾಕಿ, ಕೆಳಗೆ ಗೆರೆ ಎಳೆದು ಬರೆದಿದ್ದೀರಿ. ನಾಲ್ಕನೇ ಹಾಳೆಯ ಕೊನೆಗೆ, 'ವೀಸಾದ ವಿಷಯ ಯೋಚಿಸಿ ಬರೆಯುತ್ತೇನೆ.' ಮೀನಿನ ಜಾತಿಗಳಿಗೆ ಒಂದು ಪುಟ, ಹೆಂಡತಿಗೆ ಅರ್ಧ ಸಾಲು.

ದ್ವೀಪದವರನ್ನು ನನಗೆ ನೀವು ಪರಿಚಯಿಸಬೇಕಾಗಿಲ್ಲ. ನನ್ನ ಅಪ್ಪ ಕೊನ್ರಾಡ್ ಮಂಗಳೂರಿನ ಹಳೆ ಬಂದರಿನ ಅಕ್ಕಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಅಮಿನಿ, ಕಿಲ್ತಾನ್ ಕಡೆಯ ಓಡಗಳು ಕೊಬ್ಬರಿ, ಹಗ್ಗ, ಒಣಗಿಸಿದ ಮೀನು ಹೇರಿಕೊಂಡು ಬಂದವೆಂದರೆ ಇಡೀ ಧಕ್ಕೆ ನಾರುತ್ತಿತ್ತು. ನಾವು ಮಕ್ಕಳು ಮೂಗು ಹಿಡಿದು ಓಡುತ್ತಿದ್ದೆವು. 'ಅಕ್ಕಿ ಕಂಡರೆ ಮುತ್ತು ಕಂಡ ಹಾಗೆ ಮಾಡುವ ಜನ, ಬಾಯೇ' ಎಂದು ಅಪ್ಪ ನಗುತ್ತಿದ್ದರು. ಆ ಕೆಲವು ದ್ವೀಪಗಳು ಹಿಂದೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದು ನೀವು ಹೆಮ್ಮೆಯಿಂದ ಬರೆದಿದ್ದೀರಿ. ಅಪ್ಪ ಅದನ್ನೇ ಹಿತ್ತಿಲ ಕೊಟ್ಟಿಗೆಯ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಅಂಥವರ ಮೀನಿಗೆ ಮಂಜುಗಡ್ಡೆ ಮಾಡಿಕೊಡಲು ಅಳಿಯ ಹೋಗುತ್ತಾನೆ ಎಂದು ಗೊತ್ತಾಗುವ ಮೊದಲೇ ದೇವರು ಅವರನ್ನು ಕರೆದುಕೊಂಡದ್ದು ಒಳ್ಳೆಯದೇ ಆಯಿತು. ಕುವೈತಿನಲ್ಲಿ ನಿಮ್ಮ ಕೈಕೆಳಗೆ ಇಪ್ಪತ್ತು ಜನ ಎ.ಸಿ. ಮೆಕ್ಯಾನಿಕ್‌ಗಳಿದ್ದರು, ಲ್ಯಾನ್ಸಿ. ಫೋರ್‌ಮನ್ ಲ್ಯಾನ್ಸಿ ಬಂದರೆ ಬೆಂಕಿಯಂಥ ಆಗಸ್ಟ್‌ನಲ್ಲೂ ಇಡೀ ಕಟ್ಟಡ ತಂಪಾಗುತ್ತದೆ ಎನ್ನುತ್ತಿದ್ದರು. ಈಗ ನೀವು ತಂಪು ಮಾಡುತ್ತಿರುವುದು ಸತ್ತ ಕೇದರ ಮೀನನ್ನು.

ಯುದ್ಧ ಆಯಿತು, ಒಪ್ಪಿದೆ. ಎಲ್ಲ ಬಿಟ್ಟು ಓಡಿದೆವು. ಅಮ್ಮಾನ್ ದಾರಿಯ ಡೇರೆಯಲ್ಲಿ ಜ್ವರ ಬಂದ ಶರ್ಲಿನ್‌ಗೆ ನಿಮ್ಮ ಷರ್ಟಿನಿಂದ ಗಾಳಿ ಬೀಸುತ್ತಾ, 'ಇನ್ನು ಈ ಮರಳಿನ ಮುಖ ನೋಡುವುದಿಲ್ಲ' ಎಂದಿರಿ. ಸಂಕಟದಲ್ಲಿ ಎಲ್ಲರೂ ಏನೇನೋ ಹೇಳುತ್ತಾರೆ. ನಾನೂ ಬದುಕಿ ಊರು ಮುಟ್ಟಿದರೆ ವೇಲಾಂಕಣಿಗೆ ಬರಿಗಾಲಲ್ಲಿ ಹೋಗುತ್ತೇನೆ ಎಂದಿದ್ದೆ. ಹೋದೆನಾ? ತೊಂಬತ್ತೆರಡರಲ್ಲಿ ಕ್ಲಿನಿಕ್ ಮತ್ತೆ ತೆರೆದು ಲ್ಯಾಬಿಗೆ ಕರೆದಾಗ ಸೀದಾ ಕುವೈತಿನ ವಿಮಾನ ಹತ್ತಿದೆ. ನಿಮ್ಮ ಕಂಪನಿ ಸುಟ್ಟು ಹೋಗಿತ್ತು, ಅದೂ ನಿಜ. ಆದರೆ ಬೇರೆಯವರೆಲ್ಲ ಒಂದಲ್ಲ ಒಂದು ಬಾಗಿಲಿನಿಂದ ವಾಪಸು ನುಸುಳಿದರು. ನೀವು ಮಾತ್ರ ಆಡಿದ ಮಾತು ಹಿಡಿದು ಕೂತಿರಿ. ಬಂದರಿನ ಲಕ್ಷದ್ವೀಪ ಆಫೀಸಿನಲ್ಲಿ ಯಾರೋ ಐಸ್ ಪ್ಲಾಂಟಿಗೆ ಜನ ಬೇಕು ಎಂದರಂತೆ, ನೀವು ಹಡಗು ಹತ್ತಿದಿರಂತೆ. ಈಗ ನಮ್ಮದು ಒಂದು ಸಂಸಾರ, ಮೂರು ಕಡೆ ಮೂರು ತಟ್ಟೆ.

ನಿಮ್ಮ ಎರಡನೇ ಹಾಳೆ, ಜನ. ಮೂರನೆಯದು, ಸರ್ಕಾರ. ರೆಜಿನಾಳಿಗೆ ಓದಿ ಹೇಳಿದೆ. ಎಲ್ಲ ದ್ವೀಪ ಸೇರಿ ಐವತ್ತು ಸಾವಿರ ಚಿಲ್ಲರೆ ಜನ, ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು. ಅವರನ್ನು ಆಳಲು ದಿಲ್ಲಿಯಿಂದ ಒಬ್ಬ ಅಡ್ಮಿನಿಸ್ಟ್ರೇಟರ್. ಲೋಕಸಭೆಗೆ ಒಬ್ಬ ಎಂ.ಪಿ. ಅಷ್ಟು ಜನ ನಮ್ಮಲ್ಲಿ ಒಂದು ಸಾಂತ್‌ಮಾರಿ ಹಬ್ಬಕ್ಕೆ ಸೇರುತ್ತಾರೆ, ಅವರನ್ನು ಸಂಭಾಳಿಸಲು ಇಬ್ಬರು ಪೊಲೀಸರು ಮತ್ತು ಒಬ್ಬ ಕೋಪಿಷ್ಠ ಪಾದ್ರಿ ಸಾಕು. ಮನೆ, ತೆಂಗಿನಮರ ಎಲ್ಲ ಹೆಂಗಸರ ಕಡೆಯಿಂದ ಬರುತ್ತದಂತೆ. ಗಂಡ ಕತ್ತಲಾದ ಮೇಲೆ ಹೆಂಡತಿಯ ಮನೆಗೆ ಬಂದು ಬೆಳಿಗ್ಗೆ ತನ್ನ ತಾಯಿಮನೆಗೆ ಹೋಗುವ ಪದ್ಧತಿಯೂ ಇದೆಯಂತೆ. 'ಒಳ್ಳೆಯ ಪದ್ಧತಿ ಮಾರಾಯ್ತಿ, ಹಗಲಿಡೀ ಅವನ ಅಂಗಿ ಹೆಕ್ಕುವ ಕೆಲಸ ಇಲ್ಲ' ಎಂದಳು ರೆಜಿನಾ. ಬೆಳೆಯೆಂದರೆ ತೆಂಗು, ಅದರಲ್ಲಿ ಇಲಿ ತಿಂದು ಬಿಟ್ಟದ್ದು ಮನುಷ್ಯರಿಗೆ. ಅಕ್ಕಿ, ಸೀಮೆಎಣ್ಣೆ, ಸಿಮೆಂಟು, ಬೆಂಕಿಪೊಟ್ಟಣ, ಕೊನೆಗೆ ಅಡ್ಮಿನಿಸ್ಟ್ರೇಟರ್ ಕೂಡ ಹೊರಗಿನಿಂದಲೇ ಬರಬೇಕು. ಹೋಗುವುದು ಕೊಬ್ಬರಿ, ಹಗ್ಗ, ಮೀನು. ಇದಕ್ಕೆ ನೀವು 'ಆರ್ಥಿಕ ವ್ಯವಸ್ಥೆ' ಎಂದು ಹೆಸರು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಹಂದಿಮಾಂಸ ಇಲ್ಲ, ಕುಡಿತ ಇಲ್ಲ. ಇವೆರಡೂ ಇಲ್ಲಿಯೂ ಇಲ್ಲ, ಆದರೆ ಇಲ್ಲದ್ದಕ್ಕೆ ಇಲ್ಲಿ ಒಳ್ಳೆಯ ಸಂಬಳವಾದರೂ ಕೊಡುತ್ತಾರೆ. ನಾಯಿಯೂ ಮೂಸದ ಊರು ಎಂದು ಬೈಯೋಣವೆಂದು ಪೆನ್ನು ಎತ್ತಿದರೆ, ಮುಂದಿನ ಸಾಲಿನಲ್ಲೇ ನೀವು ಬರೆದಿದ್ದೀರಿ, ಈ ದ್ವೀಪಗಳಲ್ಲಿ ನಾಯಿಗಳೇ ಇಲ್ಲ ಎಂದು. ಬೈಯುವುದಕ್ಕೂ ಅನುಕೂಲ ಇಲ್ಲದ ಜಾಗ.

ಇಷ್ಟೆಲ್ಲ ಇದ್ದೂ ಇಲ್ಲಿ ನಿಮ್ಮ ಮಾನ ಕಾಯುವ ಕೆಲಸ ನನ್ನದು. ಇಗರ್ಜಿಯ ಅಂಗಳದಲ್ಲಿ ನಮ್ಮೂರ ಹೆಂಗಸರು ಕೇಳುತ್ತಾರೆ, 'ಡೆಲ್ಮಾ, ನಿನ್ನ ಗಂಡ ಎಲ್ಲಿ ಈಗ?' ಐಸ್ ಪ್ಲಾಂಟ್ ಎನ್ನಲು ಬಾಯಿ ಬರುವುದಿಲ್ಲ. 'ಸೆಂಟ್ರಲ್ ಗವರ್ನಮೆಂಟ್, ಐಲ್ಯಾಂಡ್ ಪೋಸ್ಟಿಂಗ್' ಎನ್ನುತ್ತೇನೆ. 'ಅಂಡಮಾನಾ? ಕಾಲಾಪಾನಿಯಾ?' ಎಂದು ಬೆಟ್ಟಿ ಎಲ್ಲರ ಮುಂದೆ ಕೇಳಿದಳು. ಬಹುಶಃ ಅಲ್ಲಿಂದಲೇ ಮಾತು ಬೆಳೆಯಿತು. ನಮ್ಮ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ನೀವು ಯಾವುದೋ ದ್ವೀಪದ ದೊಡ್ಡ ಆಫೀಸರ್ ಆಗಿದ್ದೀರಿ. ನಾನು ತಿದ್ದಲಿಲ್ಲ.

ಈಗ ಮುಖ್ಯ ಕಥೆಗೆ ಬರುತ್ತೇನೆ. ಅಬು ಮಿಶಾಲ್‌ನ ತಾಯಿ, ಎಲ್ಲರೂ ಯುಮ್ಮಾ ಎನ್ನುವ ಮುದುಕಿ, ತಿಂಗಳಿಗೊಮ್ಮೆ ರಕ್ತದ ಸಕ್ಕರೆ ನೋಡಿಸಲು ಬರುತ್ತಾಳೆ. ಬೇರೆ ಯಾರು ಸೂಜಿ ಚುಚ್ಚಿದರೂ ಕಿರುಚುತ್ತಾಳೆ, ನಾನು ಚುಚ್ಚಿದರೆ ಸುಮ್ಮನಿರುತ್ತಾಳೆ. ಕಳೆದ ತಿಂಗಳು ನನ್ನ ಮೇಜಿನ ಗಾಜಿನ ಕೆಳಗಿದ್ದ ಫೋಟೋ ಅವಳ ಕಣ್ಣಿಗೆ ಬಿತ್ತು. ಅದೇ, ಕ್ರಿಸ್ಮಸ್‌ನಲ್ಲಿ ತೆಗೆದದ್ದು, ಶರ್ಲಿನ್ ನಿಮ್ಮ ಹೆಗಲ ಮೇಲೆ, ಹಿಂದೆ ಆ ಹಸಿರು ನೀರು. ನಾನು ಅಲ್ಲಿಟ್ಟದ್ದು ಶರ್ಲಿನ್‌ಗಾಗಿ, ನೀರಿಗಾಗಿ ಅಲ್ಲ. ಮುದುಕಿ ತೋಳಿನ ಹತ್ತಿ ಹಿಡಿದುಕೊಂಡೇ ಬಗ್ಗಿ ನೋಡಿದಳು. 'ಇದು ಯಾವ ಬಹರ್, ಯಾವ ಸಮುದ್ರ?' ಹಿಂದ್ ಎಂದೆ. ಅವಳ ಅಪ್ಪ ಹಡಗಿನವನಂತೆ. ಮಲಬಾರಿಗೆ ಹೋಗಿ ಮರ, ಹಗ್ಗ ತರುತ್ತಿದ್ದನಂತೆ. 'ನೀರು ಇಂಥದೇ ಇತ್ತು ಎನ್ನುತ್ತಿದ್ದ, ನಾವು ಸುಳ್ಳು ಎನ್ನುತ್ತಿದ್ದೆವು' ಎಂದಳು. ಗಂಡ ಆ ದ್ವೀಪದ ಬಗ್ಗೆ ಉದ್ದ ಕಾಗದ ಬರೆದಿದ್ದಾನೆ ಎಂದು ನಾನೂ ಬಾಯಿಬಿಟ್ಟೆ. ಅವಳು ಮನೆಗೆ ಹೋಗಿ ಮಗನಿಗೆ ಹೇಳಿದಳು. ಆಮೇಲಿನ ಶುಕ್ರವಾರ ಮಧ್ಯಾಹ್ನ ಅವರ ಡ್ರೈವರ್ ನಮ್ಮ ಬಿಲ್ಡಿಂಗಿನ ಕೆಳಗೆ ಬಂದು ನಿಂತ. 'ಬಾಬಾ ಕರೆಯುತ್ತಿದ್ದಾರೆ. ದ್ವೀಪದ ಕಾಗದ ಹಿಡಿದುಕೊಂಡು ಬರಬೇಕಂತೆ.'

ವೀಸಾದ ಕೆಲಸ ಇರುವುದರಿಂದ ಒಳ್ಳೆಯ ಸೀರೆ ಉಟ್ಟು ಹೋದೆ. ಅವರ ಹಾಲ್ ನಮ್ಮ ಊರಿನ ಇಗರ್ಜಿಯಷ್ಟು ದೊಡ್ಡದು, ಎ.ಸಿ. ಮಾತ್ರ ಗೊರಗೊರ ಎನ್ನುತ್ತದೆ. ನೀವಾಗಿದ್ದರೆ ಕೂರುವ ಮೊದಲೇ ಅದರ ಮುಚ್ಚಳ ಬಿಚ್ಚುತ್ತಿದ್ದಿರಿ. ಗಂಡುಮಕ್ಕಳು ಫುಟ್‌ಬಾಲ್ ನೋಡುತ್ತಿದ್ದರು. ಮುದುಕಿ ಮೂಲೆಯ ದಿಂಬಿಗೆ ಒರಗಿದ್ದಳು. ಅಬು ಮಿಶಾಲ್ ಜಪಮಣಿ ತಿರುಗಿಸುತ್ತಾ ನಿಮ್ಮ ಕಾಗದ ಓದಿಸಿದ. ಅವನ ಅರಬ್ಬಿ, ನನ್ನ ಅರಬ್ಬಿ, ತೂತು ಬಿದ್ದಲ್ಲಿ ಹಿಂದಿ. ನೀವು ಹೇಗೆ ತಲೆಬರಹ ಹಾಕಿದ್ದಿರೋ ಹಾಗೆಯೇ ಅವನೂ ಕೇಳಿದ. 'ಶೇಖ್ ಯಾರು ಅಲ್ಲಿ?' ಶೇಖ್ ಇಲ್ಲ, ದಿಲ್ಲಿಯವರು ಕಳಿಸಿದ ಒಬ್ಬ ಸಾಹೇಬ ಎಂದೆ. 'ಕಳ್ಳರು?' ಇಲ್ಲವೇ ಇಲ್ಲ, ಓಡಿ ಹೋಗಲು ಜಾಗ ಎಲ್ಲಿ? ಎಂದೆ. 'ಶರಾಬು?' ಮನಾಹಿ. 'ನಾಯಿ?' ಇಲ್ಲ. ಅವನು ಮಕ್ಕಳ ಕಡೆ ತಿರುಗಿ, 'ವಲ್ಲಾ, ಜನ್ನತ್! ಇಲ್ಲಿಯ ಬೇಸಿಗೆ ಬಿಟ್ಟು ಅಲ್ಲಿ ಮನೆ ಕಟ್ಟೋಣ' ಎಂದ. ಆಮೇಲೆ ನನಗೆ, 'ಜನ ಇಲ್ಲದ ಇಪ್ಪತ್ತಾರು ದ್ವೀಪ ಇದೆ ಅಂದೆಯಲ್ಲ. ಒಂದು ನನಗೆ ಬೇಕು. ನಿನ್ನ ಗಂಡ ಆಫೀಸರ್. ಬೆಲೆ ಕೇಳಿ ಬರೆಯಲು ಹೇಳು.'

ಆಗಲೇ 'ಇನ್‌ಶಾಲ್ಲಾ ಬಾಬಾ' ಎಂದು ಹೇಳಿ ಎದ್ದು ಬಂದಿದ್ದರೆ ಆಗುತ್ತಿತ್ತು. ಇಲ್ಲಿ ಎಲ್ಲರೂ ಅದನ್ನೇ ಮಾಡುವುದು. ಆದರೆ ನಿಮ್ಮ ನಾಲ್ಕನೇ ಹಾಳೆಯಲ್ಲಿ ಇತ್ತಲ್ಲ, ಅದನ್ನು ಓದಿಬಿಟ್ಟೆ: ಹೊರಗಿನವರು ಅಲ್ಲಿ ಜಾಗ ಕೊಳ್ಳುವ ಹಾಗಿಲ್ಲ, ಕಾಲಿಡಲೂ ಪರ್ಮಿಟ್ ಬೇಕು, ಮಂಗಳೂರಿನವನಾದ ನಿಮಗೂ ಬೇಕು. 'ಇಲ್ಲಿಯ ಹಾಗೆಯೇ ಬಾಬಾ' ಎಂದೂ ಸೇರಿಸಿದೆ. 'ನಮಗೆ ಇಲ್ಲಿ ಇರಲು ಇಕಾಮಾ ಚೀಟಿ ಬೇಕಲ್ಲ, ಹಾಗೆ.' ಅವನ ಜಪಮಣಿ ನಿಂತಿತು. ಎಲ್ಲದಕ್ಕೂ ಬೆಲೆ ಇದೆ ಎಂದ. ಸ್ವಲ್ಪ ಯೋಚಿಸಿ, ಏನೋ ಹೊಳೆದವನ ಹಾಗೆ ತೊಡೆ ತಟ್ಟಿ ನಕ್ಕ. 'ಅಲ್ಲಿ ಜಮೀನು ಹೆಂಗಸರದ್ದು ಅಂದೆ. ಸರಿ. ನಿನ್ನ ಗಂಡ ಮುಸ್ಲಿಂ ಆಗಲಿ, ಅಲ್ಲಿಯ ಹುಡುಗಿಯನ್ನು ಶಾದಿ ಮಾಡಿಕೊಳ್ಳಲಿ. ಹುಡುಗಿಗೆ ಮೆಹರ್ ನಾನು ಕೊಡುತ್ತೇನೆ. ಜಮೀನು ಬಂತು, ಖಲಾಸ್! ವೀಸಾ ಬೇಕಾದರೆ ನಿನ್ನ ತಮ್ಮನಿಗೆ ಕೊಡುತ್ತೇನೆ.' ಮಕ್ಕಳು ಫುಟ್‌ಬಾಲ್ ಬಿಟ್ಟು ನಕ್ಕರು. ಚಹಾ ತಂದ ಹುಡುಗಿ ಕೂಡ, ಅರ್ಥವಾಗದೆ, ನಕ್ಕಳು.

ನಾನು ನಿಮ್ಮ ಕಾಗದ ಮಡಚಿದೆ. 'ಮಾಫಿ' ಎಂದೆ. ನಮ್ಮ ಕ್ಷಮೆಯ ಮಾಫಿ ಅಲ್ಲ, ಅವರು ಇಲ್ಲ ಎನ್ನುವ ಮಾಫಿ.

'ಏನು ಮಾಫಿ?' ಎಂದ. 'ಮಾಫಿ ಶಾದಿ' ಎಂದೆ. 'ಮಾಫಿ ದ್ವೀಪ. ಮಾಫಿ ಬೆಲೆ. ಇಲ್ಲ ಅಂದರೆ ಇಲ್ಲ ಬಾಬಾ.' ಲ್ಯಾನ್ಸಿ, ಈ ದೇಶದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಾವು ಕೇಳುವ ಮಾತು ಅದೇ. ಫೈಲ್ ಮಾಫಿ, ರಜೆ ಮಾಫಿ, ನಾಳೆ ಬಾ. ಅದನ್ನು ನಾವು ಅವರಿಗೆ ಹೇಳುವುದಿಲ್ಲ ಅಷ್ಟೆ. ಹಾಲ್ ಇಡೀ ತಣ್ಣಗಾಯಿತು, ಎ.ಸಿ.ಯಿಂದಲ್ಲ. ಒಬ್ಬಳೇ ನಕ್ಕಳು, ಮೂಲೆಯ ಮುದುಕಿ. ಹಲ್ಲಿಲ್ಲದ ಬಾಯಿ ತೆರೆದು, ದಿಂಬು ತಟ್ಟಿ ತಟ್ಟಿ, 'ಮಾಫಿ, ಮಾಫಿ' ಎನ್ನುತ್ತಾ ನಕ್ಕಳು. ನನ್ನ ಮಾತನ್ನು ಅವನು ಮರೆಯುತ್ತಿದ್ದನೋ ಏನೋ. ತಾಯಿಯ ನಗು ಅವನ ಕಿವಿ ಕೆಂಪು ಮಾಡಿತು. 'ಯಲ್ಲಾ, ರೂಹ್' ಎಂದು ಬಾಗಿಲು ತೋರಿಸಿದ. ತಂದ ಡ್ರೈವರ್ ವಾಪಸು ಬಿಡಲಿಲ್ಲ. ಒಳ್ಳೆಯ ಸೀರೆ ಎತ್ತಿ ಹಿಡಿದು ದೂಳಿನಲ್ಲಿ ನಡೆದು ಬಂದೆ.

ಪ್ರೀತಿ ಉಕ್ಕಿ ಹಾಗೆ ಹೇಳಿದೆ ಎಂದುಕೊಂಡು ಉಬ್ಬಬೇಡಿ. ನಿಮ್ಮನ್ನು ತೆಗಳುವುದು ನನ್ನ ಹಕ್ಕು. ಮದುವೆಯಾದಂದಿನಿಂದ ಬೆವರು ಸುರಿಸಿ ಸಂಪಾದಿಸಿದ್ದು. ಅವನು ಸೋಫಾದಲ್ಲಿ ಕೂತು ಅದನ್ನು ಪುಕ್ಕಟೆ ಮಾಡುವುದು ಬೇಡ. ಆ ದ್ವೀಪವೂ ಹಾಗೆಯೇ. ಅದು ದರಿದ್ರ, ನಾರುವ, ಇಲಿ ತಿಂದ ಜಾಗ. ಆದರೆ ಅದನ್ನು ನಾನು ಅನ್ನಬೇಕು, ಯಾಕೆಂದರೆ ಅದು ನನ್ನ ಗಂಡನನ್ನು ನುಂಗಿದೆ. ಅಬು ಮಿಶಾಲ್‌ನಿಂದ ಅದು ಏನನ್ನು ಕಸಿದುಕೊಂಡಿದೆ? ಕೊಳ್ಳಲು ಸಿಗಲಿಲ್ಲ, ಅಷ್ಟೇ ತಾನೇ. ದುಡ್ಡಿನ ಗಂಟು ಕಂಡರೂ ಬಾಗಿಲು ತೆಗೆಯದ ಜಾಗ ಭೂಮಿಯ ಮೇಲೆ ಒಂದಾದರೂ ಇದೆ ಎಂದು ತಿಳಿದ ಅವನ ಮುಖ ನೋಡಿದಾಗ ನನಗೆ ಒಂದು ಕ್ಷಣ ಎಷ್ಟು ಸುಖವಾಯಿತು ಎಂದರೆ, ಅದು ನಿಮ್ಮ ಕವರತ್ತಿ ಎಂಬುದೂ ಮರೆತುಹೋಗಿತ್ತು.

ರೂಮಿಗೆ ಬಂದು ಹೇಳಿದರೆ ರೆಜಿನಾ ತಲೆ ಮೇಲೆ ಕೈ ಹೊತ್ತಳು. 'ಎಂತ ಮಾರಾಯ್ತಿ, ಕಫೀಲ್‌ಗೆ ಮಾಫಿ ಅಂತ ಹೇಳ್ತಾರಾ? ನಿಂಗೆ ಮರ್ಲಾ? ಅದೂ ಆ ಮೀನಿನ ದ್ವೀಪಕ್ಕೋಸ್ಕರ?' ಅವಳು ಹೆದರಿದ್ದೇ ಆಯಿತು. ಸೋಮವಾರ ಬೆಳಿಗ್ಗೆ ಮಂದೂಬ್ ಬಂದ. ಸರ್ಕಾರಿ ಆಫೀಸುಗಳಿಗೆ ನಮ್ಮ ಪಾಸ್‌ಪೋರ್ಟು ಹೊತ್ತು ತಿರುಗುವ ಆ ಈಜಿಪ್ಟಿನವನು ಒಳ್ಳೆಯವನೇ, ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನಿಮ್ಮ ಹೆಸರಿನ ಫೈಲನ್ನು ನನ್ನ ಮೇಜಿನ ಮೇಲಿಟ್ಟು 'ಖಲಾಸ್, ಸಿಸ್ಟರ್' ಎಂದ. ಅಲ್ಲಿಗೆ ನಿಮ್ಮ ವೀಸಾ ಮುಗಿಯಿತು. ಯೋಚಿಸಿ ಬರೆಯುತ್ತೇನೆ ಎಂದಿದ್ದಿರಲ್ಲ, ಇನ್ನು ಯೋಚನೆಯ ಶ್ರಮ ಬೇಡ. ನಿಮಗೆ ಇದು ಸಂತೋಷದ ಸುದ್ದಿ ಎಂದು ಗೊತ್ತು. ಸ್ವಲ್ಪ ದುಃಖವಾದಂತೆ ನಟಿಸಿ ಒಂದು ಸಾಲು ಬರೆದರೆ ಮರ್ಯಾದೆ.

ಮುದುಕಿ ಮೊನ್ನೆ ಪಾಳಿ ತಪ್ಪಿ ಕ್ಲಿನಿಕ್ಕಿಗೆ ಬಂದಿದ್ದಳು. ರಕ್ತ ಕೊಡಲು ಅಲ್ಲ. ಗಾಜಿನ ಕೆಳಗಿನ ಫೋಟೋ ಮತ್ತೆ ನೋಡಬೇಕಿತ್ತಂತೆ. ತುಂಬ ಹೊತ್ತು ನೋಡಿ, ನನ್ನ ಕೆನ್ನೆ ಮುಟ್ಟಿ ಹೋದಳು.

ಬೆಟ್ಟಿ ಇವತ್ತು ಸಂಜೆ ಬೊಂಬಾಯಿ ಮೂಲಕ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಪತ್ರ, ಬಂದರಿನಲ್ಲಿ ನಿಮ್ಮ ಹಡಗಿಗೆ ಹಾಕಿಸುತ್ತಾಳೆ. ಜೊತೆಗೆ ಮೊಣಕಾಲಿಗೆ ಹಚ್ಚುವ ಮುಲಾಮು, ಎರಡು ಬನಿಯನ್, ಒಂದು ಡಬ್ಬಿ ಖರ್ಜೂರ. ಖರ್ಜೂರ ನಿಮಗಲ್ಲ, ಪಕ್ಕದ ಮನೆಯ ಕದೀಜಾಬಿಗೆ. ಕ್ರಿಸ್ಮಸ್‌ನಲ್ಲಿ ನನ್ನ ಮಗಳ ತಲೆ ಬಾಚಿ ಜಡೆ ಹಾಕಿದ್ದಕ್ಕೆ. ಎಣ್ಣೆ ಅಷ್ಟು ಸುರಿಯಬಾರದಿತ್ತು ಎಂದು ಮಾತ್ರ ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ. ರಾತ್ರಿ ತೇರ್ಸದ ಜಪ ತಪ್ಪಿಸಬೇಡಿ, ಇಗರ್ಜಿ ಇಲ್ಲದ ಊರಿನಲ್ಲಿಯೂ ದೇವರಿಗೆ ಕಿವಿ ಕೇಳುತ್ತದೆ. ಆತ ನಿಮ್ಮನ್ನೂ ನಿಮ್ಮ ಮಂಜುಗಡ್ಡೆಯನ್ನೂ ಕಾಯಲಿ.

ಇಷ್ಟೆಲ್ಲ ಆದರೂ ನಿಮ್ಮವಳೇ ಆದ,
ಡೆಲ್ಮಾ

ತಾ.ಕ.: ಬೆಟ್ಟಿಯ ಟ್ಯಾಕ್ಸಿ ಕೆಳಗೆ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಮಂದೂಬ್ ಖಲಾಸ್ ಎಂದದ್ದು ನಿಮ್ಮ ಫೈಲಿಗೆ ಮಾತ್ರ ಅಲ್ಲ. ನನ್ನ ಇಕಾಮಾವನ್ನೂ ಅಬು ಮಿಶಾಲ್ ಮುಂದುವರಿಸುವುದಿಲ್ಲ, ಬೇರೆ ಕಡೆ ಸೇರಲು ರಿಲೀಸೂ ಕೊಡುವುದಿಲ್ಲ. ಮೇ ಕೊನೆಗೆ ದೇಶ ಬಿಡಬೇಕು. ಅವನ ಮನೆಗೆ ಹೋಗಿ ತಪ್ಪಾಯಿತು ಬಾಬಾ ಎಂದರೆ ಸರಿಹೋಗುತ್ತದಂತೆ. ಹೋಗಲಿಲ್ಲ, ಹೋಗುವುದೂ ಇಲ್ಲ. ಅಲ್ಲಿಯ ಆಸ್ಪತ್ರೆಯ ಲ್ಯಾಬಿಗೆ ಜನ ಬೇಕೋ ವಿಚಾರಿಸಿ. ನಾನು ಸಮುದ್ರ ನೋಡುತ್ತಾ ಕೂರುವವಳಲ್ಲ. ನನ್ನದೂ ಶರ್ಲಿನ್‌ಳದ್ದೂ ಪರ್ಮಿಟ್‌ಗೆ ನಾಳೆಯೇ ಬರೆದು ಹಾಕಿ. ಮಳೆಗಾಲಕ್ಕೆ ಮಂಗಳೂರಿನಿಂದ ಹಡಗು ನಿಲ್ಲುತ್ತದೆ, ಸೆಪ್ಟೆಂಬರ್‌ವರೆಗೆ ದಾರಿ ಇಲ್ಲ ಎನ್ನುತ್ತಾಳೆ ಬೆಟ್ಟಿ. ನಿಜವಾ? ಜೂನ್‌ನಲ್ಲಿ ಒಬ್ಬ ಹೆಂಗಸು, ಒಂದು ಮಗು, ಎರಡು ಪೆಟ್ಟಿಗೆ ದಾಟಿಸುವವರು ಕೊಚ್ಚಿಯಲ್ಲೋ ಎಲ್ಲೋ ಒಬ್ಬರಾದರೂ ಇರುತ್ತಾರೆ, ಹುಡುಕಿ. ಸೆಪ್ಟೆಂಬರ್‌ವರೆಗೆ ಕಾಯುವುದು ನನ್ನಿಂದ ಆಗುವುದಿಲ್ಲ.